ಕೊಳ್ಳುವ ಮೊದಲು ತಿರುಗಿಸಿ ನೋಡಿ

ಎಲ್ಲರಿಗೂ ನಮಸ್ಕಾರ. ಇವತ್ತು ಚಿಕ್ಕಪೇಟೆಯಲ್ಲಿ ಪೀಸ್ ಬಟ್ಟೆ ಆರಿಸುವುದು ಹೇಗೆ ಅಂತ ಮಾತಾಡಬೇಕಿತ್ತು. ಅದನ್ನು ಪಕ್ಕಕ್ಕಿಟ್ಟಿದ್ದೇನೆ. ಹೋದ ವಿಡಿಯೋ ಕೆಳಗೆ ಒಬ್ಬರು ಕಾಮೆಂಟ್ ಹಾಕಿದ್ದಾರೆ, ಓದುತ್ತೇನೆ ಕೇಳಿ. "ಗುರೂ, ನಾಲ್ಕು ವಿಡಿಯೋದಲ್ಲೂ ಅದೇ ಬಿಳಿ ಶರ್ಟು. ಬೇರೆ ಬಟ್ಟೆ ಇಲ್ವಾ? ನಾವೆಲ್ಲಾ ಸೇರಿ ಒಂದು ಕೊಡಿಸೋಣ್ವಾ?" ಅದಕ್ಕೆ ಲೈಕೋ ಲೈಕು.

ಹೌದು, ಅದೇ ಶರ್ಟು. ಇವತ್ತೂ ಅದನ್ನೇ ಹಾಕಿಕೊಂಡು ಕೂತಿದ್ದೇನೆ. 2018ರಲ್ಲಿ ಹೊಲಿಸಿದ್ದು. ಸ್ವಲ್ಪ ಮುಂದೆ ಬರುತ್ತೇನೆ, ಕಾಲರ್ ನೋಡಿ. ಮಡಚಿಕೊಳ್ಳುವ ಜಾಗ ನೋಡಿ. ಒಂದು ನೂಲು ಎದ್ದಿದೆಯಾ? ಇಲ್ಲ. ಈಗ ಕಾಲರ್ ಎತ್ತುತ್ತೇನೆ. ಅಡಿಯ ಕಡೆ ನೋಡಿ, ಹೇಗೆ ಸವೆದು ಜಾಳಾಗಿದೆ. ಗಡ್ಡ ಉಜ್ಜಿ ಉಜ್ಜಿ ಆಗಿದ್ದು ಅದು. ಮೂರು ವರ್ಷದ ಹಿಂದೆ ಆ ಸವೆದ ಕಡೆಯೇ ಮೇಲಿತ್ತು. ಶ್ರೀರಾಮಪುರದಲ್ಲಿ ನನಗೆ ಹೊಲಿದುಕೊಡುವ ಟೈಲರ್ ಅಣ್ಣ ಬ್ಲೇಡು ತಗೊಂಡು ಒಂದೊಂದೇ ಹೊಲಿಗೆ ಬಿಚ್ಚಿದರು. ಬಿಚ್ಚಿದ ದಾರದ ಚೂರನ್ನು ಊದಿ ಹಾರಿಸಿದರು. ಕಾಲರನ್ನು ತಿರುವಿ ಕೂರಿಸಿ ಮತ್ತೆ ಹೊಲಿದರು. ಚಹಾ ಕುಡಿದು ಮುಗಿಸುವಷ್ಟರಲ್ಲಿ ಶರ್ಟು ಹೊಸದಾಗಿತ್ತು. ಕೊಟ್ಟಿದ್ದು 60 ರೂಪಾಯಿ.

ನಮ್ಮಪ್ಪ ಮೇಷ್ಟ್ರಾಗಿದ್ದರು. ಅವರ ಎಲ್ಲಾ ಶರ್ಟಿನ ಕಾಲರೂ ಒಂದು ಸಲ ತಿರುಗಿರುತ್ತಿತ್ತು. ನಿಮ್ಮ ಮನೆಯಲ್ಲೂ ಹಾಗೇ ಇತ್ತು, ಅಜ್ಜನನ್ನು ಕೇಳಿ ನೋಡಿ. ಮೂರು ಶರ್ಟು, ಎರಡು ಪ್ಯಾಂಟು, ಒಂದು ಜೊತೆ ಪಂಚೆ. ಅಷ್ಟರಲ್ಲೇ ಶಾಲೆ, ಮದುವೆ, ತಿಥಿ ಎಲ್ಲಾ ಆಗುತ್ತಿತ್ತು. ಯಾರೂ ಅವರನ್ನು ಬೇರೆ ಬಟ್ಟೆ ಇಲ್ವಾ ಅಂತ ಕೇಳಲಿಲ್ಲ.

ನನ್ನ ಮಾತು ಒಂದೇ. ಬಟ್ಟೆ ಕೊಳ್ಳುವ ಮೊದಲು ತಿರುಗಿಸಿ ನೋಡಿ. ಒಳಗೆ ಹೊಲಿಗೆಯ ಆಚೆ ಎಷ್ಟು ಬಟ್ಟೆ ಬಿಟ್ಟಿದ್ದಾರೆ ನೋಡಿ. ಬಣ್ಣ ಆಮೇಲೆ, ಬ್ರ್ಯಾಂಡ್ ಆಮೇಲೆ, ಆಫರ್ ಅದಕ್ಕೂ ಆಮೇಲೆ.

ಇದು ನನಗೆ ಹೇಗೆ ಗೊತ್ತಾಯಿತು ಹೇಳುತ್ತೇನೆ. ಚಿಕ್ಕಮ್ಮನ ಮಗಳ ಮದುವೆ. ಒಂದು ದೊಡ್ಡ ಅಂಗಡಿಯಲ್ಲಿ, ಹೆಸರು ಬೇಡ, 2,800 ರೂಪಾಯಿ ಕೊಟ್ಟು ಪ್ಯಾಂಟು ತಗೊಂಡೆ. ಛತ್ರದಲ್ಲಿ ಊಟಕ್ಕೆ ಎಲೆ ಮುಂದೆ ಕೂತೆ. ಹಿಂದೆ ಟರ್ ಅಂತು. ಹೊಸ ಪ್ಯಾಂಟು! ಎರಡನೇ ಸಲ ಹಾಕಿದ್ದು! ಮಾರನೇ ದಿನ ನಮ್ಮ ರಸ್ತೆ ಕೊನೆಯಲ್ಲಿ ಹೊಂಗೆ ಮರದ ಕೆಳಗೆ ಮಷೀನ್ ಇಟ್ಟುಕೊಂಡು ಆಲ್ಟ್ರೇಷನ್ ಮಾಡುವ ಯಜಮಾನರ ಹತ್ತಿರ ತಗೊಂಡು ಹೋದೆ. ಅವರು ಪ್ಯಾಂಟು ತಿರುಗಿಸಿದರು. ಬೆರಳಲ್ಲಿ ಹೊಲಿಗೆ ಅಗಲಿಸಿ ನನ್ನ ಮುಖ ನೋಡಿದರು. "ಒಳಗೆ ಬಟ್ಟೇನೇ ಇಲ್ವಲ್ಲ ಸಾರ್, ಏನಂತ ಹೊಲೀಲಿ?"

ಕಾಲು ಇಂಚು. ಹಿಂದಿನ ಹೊಲಿಗೆಯ ಆಚೆ ಕಾಲು ಇಂಚು ಬಟ್ಟೆ. ಅದೂ ಓವರ್‌ಲಾಕ್ ಮಾಡಿದ್ದು. ಓವರ್‌ಲಾಕ್ ಮಷೀನಿಗೆ ಒಂದು ಚಾಕು ಇರುತ್ತದೆ. ಒಂದು ಕಡೆ ಹೊಲಿಯುತ್ತಾ ಇನ್ನೊಂದು ಕಡೆ ಅಂಚನ್ನು ಕತ್ತರಿಸಿಕೊಂಡು ಹೋಗುತ್ತದೆ. ಹಾಗೆ ಕತ್ತರಿಸಿ ಹೋದ ಬಟ್ಟೆಯನ್ನು ಮತ್ತೆ ಎಲ್ಲಿಂದ ತರುತ್ತೀರಿ?

ಟೈಲರ್ ಹತ್ತಿರ ಹೊಲಿಸಿದ ಪ್ಯಾಂಟನ್ನು ತಿರುಗಿಸಿ ನೋಡಿ. ಹಿಂದೆ ಸೀಟಿನ ಹೊಲಿಗೆ ಹತ್ತಿರ, ಸೊಂಟದ ಕಡೆ, ಎರಡೂ ಪಕ್ಕ ಒಂದೊಂದೂವರೆ ಇಂಚು ಬಟ್ಟೆ ಬಿಟ್ಟಿರುತ್ತಾರೆ. ಮಾರ್ಜಿನ್ ಅನ್ನುತ್ತಾರೆ. ನಾಳೆ ನೀವು ದಪ್ಪ ಆದರೆ ಆ ಹೊಲಿಗೆ ಬಿಚ್ಚಿ ಸೊಂಟವನ್ನು 2 ಇಂಚು ಲೂಸ್ ಮಾಡಬಹುದು. ಸಣ್ಣ ಆದರೆ ಹಿಡಿಯಬಹುದು. ಬೆಂಗಳೂರಿನಲ್ಲಿ ದಿನಾ ಎರಡು ಗಂಟೆ ಸಿಲ್ಕ್ ಬೋರ್ಡ್ ಜಾಮಿನಲ್ಲಿ ಕೂರುವ ಯಾವ ಗಂಡಸಿನ ಸೊಂಟ ಹತ್ತು ವರ್ಷ ಒಂದೇ ಅಳತೆಯಲ್ಲಿ ಇರುತ್ತದೆ ಹೇಳಿ? ಮೈ ಬದಲಾಗುತ್ತದೆ. ಅದಕ್ಕೆ ತಕ್ಕಂತೆ ಬದಲಾಗುವ ಬಟ್ಟೆ ಬೇಕು. ಅದಕ್ಕೇ ತಿರುಗಿಸಿ ನೋಡಿ ಅನ್ನುವುದು.

ಒಂದು ವಿಷಯ ಗಟ್ಟಿಯಾಗಿ ಹೇಳಬೇಕು. ಇದು ಹೊಲಿಯುವವರ ತಪ್ಪಲ್ಲ. ಪೀಣ್ಯ, ಮೈಸೂರು ರಸ್ತೆ, ಬೊಮ್ಮನಹಳ್ಳಿ ಕಡೆ ಬೆಳಿಗ್ಗೆ ನೋಡಿ. ಟಿಫನ್ ಡಬ್ಬಿ ಹಿಡಿದು ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಕ್ಕಳು ಸಾಲುಸಾಲು. ಪಿಎಫ್ ನಿಯಮ ಬದಲಾಯಿಸಿದ್ದಕ್ಕೆ 2016ರ ಏಪ್ರಿಲ್‌ನಲ್ಲಿ ಸಾವಿರಾರು ಜನ ಬೀದಿಗಿಳಿದು, ಕೇಂದ್ರ ಸರ್ಕಾರವೇ ಆ ನಿಯಮ ವಾಪಸ್ ತಗೊಳ್ಳುವಂತೆ ಮಾಡಿದರಲ್ಲ, ಅದೇ ಅಕ್ಕಂದಿರು. ಅವರ ಕೈ ಹೊಲಿದ ಬಟ್ಟೆ ದೇಶದೇಶಕ್ಕೆ ಹೋಗುತ್ತದೆ. ಅವರಿಗೆ ಹೊಲಿಯೋಕೆ ಬರಲ್ಲ ಅಂತ ನನ್ನ ಮುಂದೆ ಹೇಳಬೇಡಿ. ಎಷ್ಟು ಬಟ್ಟೆ ಬಿಡಬೇಕು ಅಂತ ತೀರ್ಮಾನ ಮಾಡುವವರು ಬೇರೆ. ಒಂದು ಶರ್ಟಿನ ಖರ್ಚಿನಲ್ಲಿ ದೊಡ್ಡ ಪಾಲು ಬಟ್ಟೆಯದ್ದೇ. ಒಂದೊಂದು ಶರ್ಟಿನಲ್ಲೂ ಅರ್ಧ ಇಂಚು ಉಳಿಸಿದರೆ, ಲಕ್ಷ ಶರ್ಟಿಗೆ ಎಷ್ಟು ಥಾನು ಉಳಿಯಿತು ಲೆಕ್ಕ ಹಾಕಿ. ಆ ಲಾಭ ಅವರಿಗೆ. ಟರ್ ಅನ್ನುವುದು ನಮಗೆ.

ಹೊಸಬರು ಯಾರಾದರೂ ನೋಡುತ್ತಿದ್ದರೆ ಸಬ್‌ಸ್ಕ್ರೈಬ್ ಮಾಡಿ, ಬೆಲ್ ಒತ್ತಿ. ಚಿಕ್ಕಪೇಟೆ ವಿಡಿಯೋ ಮುಂದಿನ ವಾರ ಖಂಡಿತ ಬರುತ್ತದೆ.

ಈಗ ನನ್ನ ಬೀರುವಿನಲ್ಲಿ ಏನಿದೆ ಅಂತ ಬೇಗ ಹೇಳಿಬಿಡುತ್ತೇನೆ, ಕೇಳುತ್ತಲೇ ಇರುತ್ತೀರಿ. ಐದು ಶರ್ಟು. ಎರಡು ಬಿಳಿ, ಎರಡು ತಿಳಿ ನೀಲಿ, ಒಂದು ಖಾದಿ. ಮೂರು ಪ್ಯಾಂಟು. ಒಂದು ಬೂದಿ ಬಣ್ಣ, ಒಂದು ಖಾಕಿ, ಒಂದು ಜೀನ್ಸ್. ಒಂದು ಉಣ್ಣೆ ಸ್ವೆಟರ್, ಡಿಸೆಂಬರ್ ರಾತ್ರಿಗೆ. ಹಬ್ಬಕ್ಕೆ ಪಂಚೆ, ಶಲ್ಯ. ಎರಡು ಜೊತೆ ಶೂ, ಒಂದು ಜೊತೆ ಚಪ್ಪಲಿ. ಮನೆಯಲ್ಲಿ ಹಾಕುವ ಟೀ ಶರ್ಟು ಲೆಕ್ಕಕ್ಕಿಲ್ಲ. ಮುಗಿಯಿತು. ನಮ್ಮ ಊರಿನ ಹವೆಗೆ ಇಷ್ಟು ಸಾಕು. ದೆಹಲಿಯವರ ಹಾಗೆ ನಮಗೆ ಚಳಿಗೊಂದು ಬೀರು, ಬಿಸಿಲಿಗೊಂದು ಬೀರು ಬೇಕಿಲ್ಲ. ಹನ್ನೆರಡು ತಿಂಗಳೂ ಅದೇ ಹತ್ತಿ ಶರ್ಟು ನಡೆಯುತ್ತದೆ.

ಜೀನ್ಸ್ ಬಗ್ಗೆ ಮಾತ್ರ ಒಂದು ಕತೆ ಹೇಳಲೇಬೇಕು, ನನಗೆ ತುಂಬಾ ಇಷ್ಟದ್ದು. ಜೇಬಿನ ಮೂಲೆಯಲ್ಲಿ ತಾಮ್ರದ ಗುಂಡಿ ಹೊಡೆದಿರುತ್ತಾರಲ್ಲ, ರಿವೆಟ್ ಅನ್ನುತ್ತಾರೆ, ಅದನ್ನು ಯೋಚನೆ ಮಾಡಿದ್ದು ಒಬ್ಬ ಟೈಲರ್. ಅಮೆರಿಕದ ನೆವಾಡಾದಲ್ಲಿ ರೀನೋ ಅಂತ ಊರು, ಜೇಕಬ್ ಡೇವಿಸ್ ಅಂತ ಹೆಸರು. ಕೂಲಿ ಕೆಲಸದವರ ಪ್ಯಾಂಟು ಜೇಬಿನ ಹತ್ತಿರವೇ ಹರಿಯುತ್ತಿತ್ತು. ಕೈ ಹಾಕಿ ತೆಗೆದು, ಹಾಕಿ ತೆಗೆದು ಹೊಲಿಗೆ ಬಿಡುತ್ತಿತ್ತು. ಅಲ್ಲಿಗೆ ಲೋಹದ ಗುಂಡಿ ಹೊಡೆದರು. ಪೇಟೆಂಟ್ ಮಾಡಿಸಲು ಕೈಯಲ್ಲಿ ದುಡ್ಡಿರಲಿಲ್ಲ. ಬಟ್ಟೆ ಕೊಡುತ್ತಿದ್ದ ವ್ಯಾಪಾರಿ ಲೆವಿ ಸ್ಟ್ರಾಸ್‌ಗೆ ಕಾಗದ ಬರೆದರು. 1873ರ ಮೇ 20ಕ್ಕೆ ಇಬ್ಬರ ಹೆಸರಲ್ಲೂ ಪೇಟೆಂಟ್ ಸಿಕ್ಕಿತು. ಇವತ್ತು ಲೋಕಕ್ಕೆಲ್ಲಾ ಗೊತ್ತಿರುವುದು ವ್ಯಾಪಾರಿಯ ಹೆಸರು. ಬಟ್ಟೆ ಎಲ್ಲಿ ಹರಿಯುತ್ತದೆ ಅಂತ ಕಂಡುಕೊಂಡಿದ್ದು ಟೈಲರ್! ಯಾಕೆಂದರೆ ಹರಿದ ಪ್ಯಾಂಟನ್ನು ದಿನಾ ತಿರುಗಿಸಿ ನೋಡುತ್ತಿದ್ದವರು ಅವರು. ನಾನು ಹೇಳುವುದೂ ಅದನ್ನೇ.

ಈಗ ಇನ್ನುಳಿದ ಕಾಮೆಂಟಿಗೆ ಬರೋಣ.

"ಅಣ್ಣಾ, ಹೊಲಿಸೋದು ದುಬಾರಿ, ಸೇಲಿನಲ್ಲಿ 499ಕ್ಕೆ ಶರ್ಟು ಸಿಗುತ್ತೆ." ಸರಿ, ಲೆಕ್ಕ ಹಾಕೋಣ. ಈ ಬಿಳಿ ಶರ್ಟಿಗೆ 58 ಇಂಚು ಅಗಲದ ಬಟ್ಟೆ 1.6 ಮೀಟರ್. ಅವತ್ತು ಮೀಟರಿಗೆ 350, ಅಂದರೆ 560. ಹೊಲಿಗೆ 340. ಒಟ್ಟು 900. ಏಳು ವರ್ಷ, ವಾರಕ್ಕೊಂದು ಸಲ ಹಾಕಿದ್ದೇನೆ. ಕಮ್ಮಿ ಅಂದರೂ 350 ಸಲ. ಕಾಲರ್ ತಿರುಗಿಸಿದ 60 ಸೇರಿಸಿದರೂ ಒಂದು ಸಲಕ್ಕೆ ಮೂರು ರೂಪಾಯಿ ಆಗುವುದಿಲ್ಲ. ನಿಮ್ಮ 499ರ ಶರ್ಟು ಇಪ್ಪತ್ತು ಒಗೆತಕ್ಕೆ ಕಾಲರಿನಲ್ಲಿ ಗುಳ್ಳೆ ಎದ್ದು ಕೂತಿತು. ಕಾಲರ್ ಗಟ್ಟಿಯಾಗಿರಲಿ ಅಂತ ಒಳಗೆ ಅಂಟಿಸಿದ ಬಕ್ರಂ ಬಟ್ಟೆ ಬಿಟ್ಟುಕೊಂಡರೆ ಹಾಗೇ ಆಗುವುದು. ಒಂದು ಸಲಕ್ಕೆ 25 ರೂಪಾಯಿ ಆಯಿತು. ಯಾವುದು ದುಬಾರಿ? ಮೇಲೆ ಥಳುಕು ಒಳಗೆ ಹುಳುಕು ಅಂತ ಸುಮ್ನೆ ಹೇಳಿದ್ದಾರಾ ಹಿರಿಯರು?

"ಟೈಲರ್ ಹೇಳಿದ ದಿನಕ್ಕೆ ಕೊಡಲ್ಲ." ಕೊಡಲ್ಲ, ಒಪ್ಪುತ್ತೇನೆ. ನಾಳಿದ್ದು ಮದುವೆ ಇಟ್ಟುಕೊಂಡು ಇವತ್ತು ಬಟ್ಟೆ ಕೊಟ್ಟರೆ ಯಾರು ಕೊಡುತ್ತಾರೆ? ಗೌರಿ ಹಬ್ಬ, ದೀಪಾವಳಿ ಹತ್ತಿರ ಹೋಗಲೇಬೇಡಿ. ಆಷಾಢದಲ್ಲಿ ಹೋಗಿ. ಮದುವೆ ಇಲ್ಲ, ಗಲಾಟೆ ಇಲ್ಲ, ಕೂರಿಸಿ ಮಾತಾಡಿಸುತ್ತಾರೆ. ಹತ್ತಿ ಬಟ್ಟೆ ಆದರೆ ಮೊದಲು ಒಂದು ರಾತ್ರಿ ನೀರಲ್ಲಿ ನೆನೆಸಿ, ಒಣಗಿಸಿ ಆಮೇಲೆ ಕೊಡಿ. ಕುಗ್ಗುವುದೆಲ್ಲಾ ಮೊದಲೇ ಕುಗ್ಗಲಿ. ಅಳತೆ ಕೊಡುವಾಗ ಹೊಟ್ಟೆ ಎಳೆದುಕೊಳ್ಳಬೇಡಿ. ಕೊನೆಗೆ ಒಂದು ಮಾತು ಹೇಳಿ: "ಅಣ್ಣಾ, ಒಳಗೆ ಬಟ್ಟೆ ಜಾಸ್ತಿ ಬಿಡಿ." ಅಷ್ಟು ಹೇಳಿದರೆ ಅವರ ಮುಖ ನೋಡಿ, ಅರಳುತ್ತದೆ.

"ಟ್ರೆಂಡ್ ಬದಲಾಗುತ್ತೆ ಬ್ರೋ." ಯಾವ ಟ್ರೆಂಡ್? ಮೊನ್ನೆ ಮೊನ್ನೆ ಕಾಲಿಗೆ ಅಂಟಿಕೊಂಡಂಥ ಪ್ಯಾಂಟು ಬೇಕು ಅಂದಿರಿ. ಎರಡು ಕಾಲು ಹಾಕಿಕೊಳ್ಳಲು ಹಾಸಿಗೆ ಮೇಲೆ ಮಲಗಬೇಕಿತ್ತು. ಈಗ ಒಂದು ಕಾಲಿನಲ್ಲಿ ಇಬ್ಬರು ತೂರುವ ಪ್ಯಾಂಟು ಬೇಕು ಅನ್ನುತ್ತೀರಿ. ಆ ಹಳೆಯದೆಲ್ಲಾ ಎಲ್ಲಿ? ಬೀರು ಮೇಲೆ ಕವರಿನಲ್ಲಿ. ಒಳಗೆ ಬಟ್ಟೆ ಬಿಟ್ಟಿದ್ದರೆ ಬಿಚ್ಚಿ ಸ್ವಲ್ಪ ಅಗಲ ಮಾಡಿಸಿಕೊಳ್ಳಬಹುದಿತ್ತು. ಬಿಟ್ಟಿಲ್ಲ. ತಿರುಗಿಸಿ ನೋಡಿದ್ದರೆ ಅಂಗಡಿಯಲ್ಲೇ ಗೊತ್ತಾಗುತ್ತಿತ್ತು!

ಒಬ್ಬರು ಗಾದೆ ಹಾಕಿದ್ದಾರೆ. "ಊಟ ತನ್ನಿಚ್ಛೆ, ನೋಟ ಪರರಿಚ್ಛೆ." ಸ್ವಾಮಿ, ಪರರು ನಿಮ್ಮ ಶರ್ಟನ್ನು ಎರಡು ಸೆಕೆಂಡ್ ನೋಡುತ್ತಾರೆ, ಆಮೇಲೆ ಅವರ ಫೋನ್ ನೋಡುತ್ತಾರೆ. ನಾನು ಹೇಳದಿದ್ದರೆ ಈ ಕಾಲರ್ ತಿರುಗಿಸಿದ್ದು ಅಂತ ನಿಮಗೆ ಗೊತ್ತಾಗುತ್ತಿತ್ತಾ?

ಹಾಗಂತ ರೆಡಿಮೇಡ್ ಮುಟ್ಟಲೇಬೇಡಿ ಅಂತ ನಾನು ಹೇಳಿಲ್ಲ. ಕೆಲವು ಫಾರ್ಮಲ್ ಪ್ಯಾಂಟಿನಲ್ಲಿ ಚೆನ್ನಾಗಿ ಬಿಟ್ಟಿರುತ್ತಾರೆ, ಕಣ್ಣಾರೆ ನೋಡಿದ್ದೇನೆ. ಅಂಥದ್ದು ಸಿಕ್ಕರೆ ತಗೊಳ್ಳಿ. ಟ್ರಯಲ್ ರೂಮಿಗೆ ಹೋಗಿ ಕನ್ನಡಿ ಮುಂದೆ ಸೆಲ್ಫಿ ಆಮೇಲೆ. ಮೊದಲು ತಿರುಗಿಸಿ. ಸೀಟು ನೋಡಿ. ಜೇಬಿನ ಚೀಲದ ಬಟ್ಟೆ ಹಿಡಿದು ಎಳೆದು ನೋಡಿ, ಕಾಗದದ ಹಾಗಿದ್ದರೆ ಬಿಟ್ಟು ಬನ್ನಿ. ಹೊಲಿಗೆ ಒತ್ತೊತ್ತಾಗಿದೆಯಾ ನೋಡಿ. ಬಟನ್ ಕಾಜಾದಲ್ಲಿ ದಾರ ಜೋತಾಡುತ್ತಿದೆಯಾ ನೋಡಿ. ಅಂಗಡಿ ಹುಡುಗ ನಿಮ್ಮನ್ನೇ ದಿಟ್ಟಿಸಿದರೆ ದಿಟ್ಟಿಸಲಿ, ದುಡ್ಡು ನಿಮ್ಮದು.

ಶೂನೂ ತಿರುಗಿಸಿ ನೋಡಿ! ಮೇಲೆ ಮಾತ್ರ ಹೊಳೆಯುತ್ತಿದ್ದರೆ ಸಾಲದು. ಡಬ್ಬಿಯಲ್ಲಿ ನಾಲ್ಕು ವರ್ಷ ಜೋಪಾನವಾಗಿಟ್ಟ ಶೂ ಹಾಕಿಕೊಂಡು ಹೊರಟ ದಿನವೇ ಅಡಿ ಪುಡಿಪುಡಿಯಾಗಿ ಉದುರಿದ್ದು ನಿಮ್ಮಲ್ಲಿ ಎಷ್ಟು ಜನಕ್ಕೆ ಆಗಿದೆ? ಪಾಲಿಯುರೆಥೇನ್ ಅಡಿ ಅದು. ಗಾಳಿಯ ತೇವ ಕುಡಿದು ತಾನಾಗಿಯೇ ಒಡೆಯುತ್ತದೆ, ಹಾಕದೆ ಇಟ್ಟರೂ. ಚರ್ಮಕ್ಕೆ ಹೊಲಿದು ಕೂರಿಸಿದ ಅಡಿ ಆದರೆ ಸವೆದಾಗ ಬಿಚ್ಚಿ ಹೊಸದು ಹಾಕಿಸಬಹುದು.

ಒಗೆಯುವಾಗಲೂ ತಿರುಗಿಸಿ. ಒಣಗಿಸುವಾಗಲೂ ತಿರುಗಿಸಿ. ಬಣ್ಣ ಉಳಿಯುತ್ತದೆ. ಬೋರ್‌ವೆಲ್ ನೀರಿನ ಮನೆಯವರು, ಟ್ಯಾಂಕರ್ ನೀರಿನವರು ಇದನ್ನು ಬರೆದಿಟ್ಟುಕೊಳ್ಳಿ. ಗಡಸು ನೀರಿಗೆ ಬಿಳಿ ಬಟ್ಟೆ ಮಂಕಾಗುತ್ತದೆ, ಒರಟಾಗುತ್ತದೆ. ಬಿಳಿ ಶರ್ಟಿಗಾದರೂ ಎರಡು ಬಕೆಟ್ ಕಾವೇರಿ ನೀರು ಎತ್ತಿಡಿ.

ಈಗ ಇನ್ನೊಬ್ಬರು ಲೈವ್‌ನಲ್ಲಿ ಕೇಳಿದ್ದರು, ಹತ್ತು ಶರ್ಟು ಇದ್ದರೆ ತಪ್ಪೇನು ಅಂತ. ತಿರುಗಿಸಿ ನೋಡಿ ತಗೊಂಡಿದ್ದರೆ ಹತ್ತು ಇಟ್ಟುಕೊಳ್ಳಿ. ನೋಡದೆ ತಗೊಂಡಿದ್ದರೆ ಒಂದೂ ಜಾಸ್ತಿಯೇ! ಒಳಗೆ ಬಟ್ಟೆ ಇಲ್ಲದ ಪ್ಯಾಂಟಿಗೆ ಎಷ್ಟು ಸಲ ದುಡ್ಡು ಸುರಿಯುತ್ತೀರಿ? ನಾನು ಇದನ್ನು ಇನ್ನೂ ಹತ್ತು ವಿಡಿಯೋದಲ್ಲಿ ಹೇಳುತ್ತೇನೆ. ಇದೇ ಶರ್ಟು ಹಾಕಿಕೊಂಡೇ ಹೇಳುತ್ತೇನೆ. ತಿರುಗಿಸಿ ನೋಡಿ, ಅಷ್ಟೇ!

ಒಂದು ಕೆಲಸ ಕೊಡುತ್ತೇನೆ. ಈಗ ನೀವು ಹಾಕಿಕೊಂಡಿರುವ ಪ್ಯಾಂಟನ್ನು ಮನೆಗೆ ಹೋದ ಮೇಲೆ ತಿರುಗಿಸಿ, ಸೀಟಿನ ಹೊಲಿಗೆ ಪಕ್ಕ ಒಂದು ಸ್ಕೇಲ್ ಇಟ್ಟು ಫೋಟೋ ತೆಗೆದು ಇನ್‌ಸ್ಟಾದಲ್ಲಿ ನನಗೆ ಕಳಿಸಿ. ಭಾನುವಾರ ಬೆಳಿಗ್ಗೆ 11ಕ್ಕೆ ಲೈವ್ ಇದೆ, ಒಂದೊಂದೇ ನೋಡೋಣ. ಒಂದು ಇಂಚಿಗಿಂತ ಜಾಸ್ತಿ ಬಟ್ಟೆ ಇದ್ದವರು ನಿಮ್ಮ ಟೈಲರ್ ಯಾವ ಏರಿಯಾ ಅಂತಲೂ ಬರೆಯಿರಿ, ಹೋಗಿ ನೋಡಿಕೊಂಡು ಬರುತ್ತೇನೆ. ಕೊಡಿಸೋಣ್ವಾ ಅಂದವರೇ, ಮೊದಲು ನಿಮ್ಮದೇ ಕಳಿಸಿ.

ನಾನು ಈಗ ಹೊರಡಬೇಕು. ತಿಳಿ ನೀಲಿ ಶರ್ಟಿನ ಕಾಲರ್ ಬಿಚ್ಚಲು ಕೊಟ್ಟಿದ್ದೇನೆ. ಎಂಟು ಗಂಟೆಗೆ ಅಂಗಡಿ ಬಾಗಿಲು ಹಾಕುತ್ತಾರೆ.