ವಿಯೆಟ್ನಾಂ ಹೊಟ್ಟೆ ತುಂಬಿದ್ದು ಹೇಗೆ? ಗದ್ದೆಯಿಂದ ಶುರುವಾದ ಕಥೆ

[ಪರದೆ ಮೇಲೆ: ಅಂಗಡಿ ಮುಂದೆ ಸಾಲಾಗಿ ಇಟ್ಟ ಇಟ್ಟಿಗೆಗಳ ಚಿತ್ರ]

ಈ ಇಟ್ಟಿಗೆಗಳನ್ನ ಸ್ವಲ್ಪ ನೋಡಿ. ಇದೊಂದು ಕ್ಯೂ. 1980ರ ಆಸುಪಾಸಿನಲ್ಲಿ ವಿಯೆಟ್ನಾಂ ರಾಜಧಾನಿ ಹನೋಯ್‌ನಲ್ಲಿ ಸರ್ಕಾರಿ ರೇಷನ್ ಅಂಗಡಿ ಮುಂದೆ ಜನ ಬೆಳಗಿನ ಜಾವಕ್ಕೇ ಬಂದು ನಿಲ್ಲುತ್ತಿದ್ದರು. ಅಷ್ಟು ಹೊತ್ತು ನಿಲ್ಲೋಕೆ ಆಗದವರು ತಮ್ಮ ಜಾಗದಲ್ಲಿ ಒಂದು ಇಟ್ಟಿಗೆ ಇಟ್ಟು, ಅದರ ಮೇಲೆ ಹೆಸರು ಬರೆದು ಹೋಗುತ್ತಿದ್ದರು. ಅಕ್ಕಿಗೆ ಒಂದು ಪುಸ್ತಕ, ಮಾಂಸಕ್ಕೆ, ಬಟ್ಟೆಗೆ ಬೇರೆ ಕೂಪನ್. ಯಾರದಾದರೂ ಮುಖ ಬಾಡಿದ್ದರೆ "ಅಕ್ಕಿ ಪುಸ್ತಕ ಕಳಕೊಂಡವರ ಹಾಗಿದ್ದೀಯಲ್ಲ" ಅನ್ನುವ ಮಾತು ಅಲ್ಲಿ ಈಗಲೂ ಉಳಿದಿದೆ. ಇಷ್ಟೆಲ್ಲಾ ಮಾಡಿ ಸಿಕ್ಕ ಅಕ್ಕಿಯೂ ಸಾಲುತ್ತಿರಲಿಲ್ಲ, ಮರಗೆಣಸೋ ಜೋಳವೋ ಬೆರೆಸಿ ಬೇಯಿಸಬೇಕಿತ್ತು.

ಈಗ ಇನ್ನೊಂದು ಲೆಕ್ಕ ನೋಡಿ.

[ಪರದೆ ಮೇಲೆ: 1993: 58%, 1998: 37%, 2002: 29%]

ಇದು ವಿಯೆಟ್ನಾಂನಲ್ಲಿ ಬಡತನ ರೇಖೆಗಿಂತ ಕೆಳಗಿದ್ದವರ ಪಾಲು. ಒಂಬತ್ತೇ ವರ್ಷದಲ್ಲಿ ಅರ್ಧಕ್ಕೆ ಇಳಿಯಿತು. ಇದು ಹೇಗಾಯಿತು ಅಂತ ಕೇಳಿದರೆ ಜಾಸ್ತಿ ಜನ ಹೇಳೋದು "ಆರ್ಥಿಕತೆ ಬೆಳೀತು, ಬಡತನ ಇಳೀತು" ಅಂತ. ಬೆಳೆದದ್ದು ನಿಜ. 1992ರಿಂದ 1997ರವರೆಗೆ ಪ್ರತಿ ವರ್ಷ ಜಿಡಿಪಿ 8%ಗಿಂತ ಹೆಚ್ಚು ಏರಿತ್ತು. ಆದರೆ ಆ ದುಡ್ಡು ಮೊದಲು ಯಾರ ಕೈಗೆ ಬಂತು ಅನ್ನೋದನ್ನ ನೋಡದಿದ್ದರೆ ಕಥೆ ಅರ್ಥವೇ ಆಗಲ್ಲ. ನನಗೆ ಈ ವಿಷಯದಲ್ಲಿ ಅತಿ ಮುಖ್ಯ ಅನ್ನಿಸೋದು ಅದೇ.

ಸ್ವಲ್ಪ ಹಿಂದಕ್ಕೆ ಹೋಗೋಣ.

ಉತ್ತರ ವಿಯೆಟ್ನಾಂನಲ್ಲಿ ಆಗ ಗದ್ದೆಗಳೆಲ್ಲಾ ಸಹಕಾರ ಸಂಘದ ಕೈಯಲ್ಲಿದ್ದವು. ಗಂಟೆ ಹೊಡೆದಾಗ ಗದ್ದೆಗೆ ಹೋಗಬೇಕು, ಕೆಲಸಕ್ಕೆ ಅಂಕ ಸಿಗುತ್ತೆ, ಸುಗ್ಗಿ ಆದ ಮೇಲೆ ಅಂಕ ನೋಡಿ ಭತ್ತ ಹಂಚುತ್ತಾರೆ. ನಾಟಿ ಚೆನ್ನಾಗಿ ಮಾಡಿದರೂ ಅಷ್ಟೇ, ಸುಮ್ನೆ ಕೈಯಾಡಿಸಿ ಬಂದರೂ ಅಷ್ಟೇ. ಪ್ರತಿ ಮನೆಗೂ ಅಂತ ಒಂದು ಚೂರು ಜಾಗ ಬಿಟ್ಟಿದ್ದರು, ಒಟ್ಟು ಜಮೀನಿನಲ್ಲಿ ಸುಮಾರು 5%. ಆ ಚೂರಿನಲ್ಲಿ ಮಾತ್ರ ಹಸಿರು ತುಂಬಿ ತುಳುಕುತ್ತಿತ್ತು. ಅದೇ ಜನ, ಅದೇ ಮಣ್ಣು!

ಇದನ್ನ ಗಮನಿಸಿದವರಲ್ಲಿ ಒಬ್ಬರು ಕಿಮ್ ನ್ಗೋಕ್, ವಿನ್ ಫುಕ್ ಪ್ರಾಂತ್ಯದಲ್ಲಿ ಆಳುವ ಕಮ್ಯುನಿಸ್ಟ್ ಪಕ್ಷದ ಕಾರ್ಯದರ್ಶಿ. 1966ರಲ್ಲೇ, ಯುದ್ಧ ನಡೀತಿರುವಾಗಲೇ, ಗದ್ದೆಯನ್ನ ಮನೆಗಳಿಗೆ ವಹಿಸಿಕೊಡಿ ಅಂತ ಅವರ ಪ್ರಾಂತ್ಯ ತೀರ್ಮಾನ ಮಾಡಿತು. 1968ರಲ್ಲಿ ಮೇಲಿನವರು ಇದನ್ನ ತಪ್ಪು ದಾರಿ ಅಂತ ನಿಲ್ಲಿಸಿದರು, ಅವರ ಕೈಯಿಂದಲೇ ತಪ್ಪೊಪ್ಪಿಗೆ ಬರೆಸಿಕೊಂಡರು. 1979ರಲ್ಲಿ ಅವರು ತೀರಿಕೊಂಡರು. ಎರಡೇ ವರ್ಷ ಆದ ಮೇಲೆ, 1981ರಲ್ಲಿ, ಪಕ್ಷವೇ "ಆದೇಶ 100" ಅಂತ ಹೊರಡಿಸಿ ಹೆಚ್ಚುಕಮ್ಮಿ ಅವರ ದಾರಿಯನ್ನೇ ಹಿಡಿಯಿತು. ಈ ಭಾಗ ಓದುವಾಗ ನನಗೆ ನಿಜಕ್ಕೂ ಸಂಕಟ ಆಗುತ್ತೆ.

ಆದೇಶದ ಪ್ರಕಾರ ಉಳುಮೆ, ನೀರು, ಬೀಜ, ಗೊಬ್ಬರ ಸಂಘ ನೋಡಿಕೊಳ್ಳುತ್ತೆ. ನಾಟಿ, ಕಳೆ, ಕೊಯ್ಲು ಮನೆಯವರದ್ದು. ಗೊತ್ತುಮಾಡಿದಷ್ಟು ಭತ್ತ ಕೊಟ್ಟರೆ ಮಿಕ್ಕಿದ್ದು ನಿಮ್ಮದು. ಇಳುವರಿ ಏರಿತು, ಆದರೆ ಸಂಘ ಆ ಪ್ರಮಾಣವನ್ನ ಏರಿಸುತ್ತಾ ಹೋಯಿತು, ರೈತರ ಉತ್ಸಾಹ ಮತ್ತೆ ಇಳಿಯಿತು. 1986ರಲ್ಲಿ ಬೆಲೆ ಏರಿಕೆ 700% ದಾಟಿತ್ತು. ಆ ಡಿಸೆಂಬರ್‌ನಲ್ಲಿ ಪಕ್ಷದ ಆರನೇ ಮಹಾಧಿವೇಶನದಲ್ಲಿ "ದೊಯ್ ಮೊಯ್" ಘೋಷಣೆ ಆಯಿತು. ಹೊಸದು ಮಾಡೋದು ಅಂತ ಅದರ ಅರ್ಥ.

ನಿಜವಾದ ತಿರುವು ಬಂದದ್ದು 1988ರ ಏಪ್ರಿಲ್‌ನಲ್ಲಿ, "ನಿರ್ಣಯ 10"ರಿಂದ. ಗದ್ದೆ ವರ್ಷಾನುಗಟ್ಟಲೆ ಮನೆಯವರ ಕೈಗೆ ಬಂತು, ಏನು ಮಾಡಬೇಕು ಅನ್ನೋದು ಅವರಿಗೇ ಬಿಟ್ಟದ್ದು. ಮಾರನೇ ವರ್ಷ ಬೆಲೆ ನಿಯಂತ್ರಣವೂ ಬಹುಪಾಲು ಹೋಯಿತು, ಭತ್ತವನ್ನ ಪೇಟೆ ಬೆಲೆಗೆ ಮಾರಬಹುದಾಯಿತು. ಇಲ್ಲಿ ಗಮನಿಸಿ: 1988ರಲ್ಲಿ ಉತ್ತರದ ಕೆಲವು ಪ್ರಾಂತ್ಯಗಳಲ್ಲಿ ಜನ ಹಸಿದಿದ್ದರು. 1989ರಲ್ಲಿ ಅದೇ ದೇಶ ಸುಮಾರು 14 ಲಕ್ಷ ಟನ್ ಅಕ್ಕಿಯನ್ನ ಹೊರದೇಶಕ್ಕೆ ಕಳಿಸಿತು. ಒಂದೇ ವರ್ಷದಲ್ಲಿ!

1993ರ ಭೂ ಕಾನೂನು ಇದನ್ನ ಇನ್ನೂ ಗಟ್ಟಿ ಮಾಡಿತು. ಭೂಮಿ ಇವತ್ತಿಗೂ ಕಾಗದದ ಮೇಲೆ ಇಡೀ ಜನರದ್ದೇ, ಆದರೆ ಆ ಕಾನೂನಿನಲ್ಲಿ ಉಳುವ ಹಕ್ಕು ಭತ್ತದಂಥ ಬೆಳೆಗೆ 20 ವರ್ಷ, ಕಾಫಿಯಂಥ ಗಿಡಗಳಿಗೆ 50 ವರ್ಷ ಇತ್ತು. ಆ ಹಕ್ಕನ್ನ ಮಾರಬಹುದು, ಗುತ್ತಿಗೆಗೆ ಕೊಡಬಹುದು, ಅಡ ಇಡಬಹುದು, ಮಕ್ಕಳಿಗೂ ಬಿಡಬಹುದು.

ಆಗ ಬಡವರಲ್ಲಿ ಬಹುಪಾಲು ಜನ ಇದ್ದದ್ದು ಹಳ್ಳಿಯಲ್ಲೇ, ಬದುಕಿದ್ದದ್ದು ಗದ್ದೆ ನಂಬಿಕೊಂಡೇ. ಹಾಗಾಗಿ ದುಡ್ಡು ಮೊದಲು ಹುಟ್ಟಿದ್ದು ಅವರ ಕಣದಲ್ಲಿ. ಮೇಲಿಂದ ಹನಿ ಹನಿಯಾಗಿ ಇಳಿದು ಬರಲಿ ಅಂತ ಕಾಯುತ್ತಾ ಕೂರಬೇಕಾಗಲಿಲ್ಲ.

ಫ್ಯಾಕ್ಟರಿಗಳು? ಅವೂ ಬಂದವು. 1994ರಲ್ಲಿ ಅಮೆರಿಕ ವ್ಯಾಪಾರ ನಿರ್ಬಂಧ ತೆಗೆಯಿತು, 2001ರ ಕೊನೆಗೆ ಅದರ ಜೊತೆಗಿನ ಒಪ್ಪಂದ ಜಾರಿಗೆ ಬಂತು, 2007ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆ ಸೇರಿದರು. ಬಟ್ಟೆ, ಶೂ, ಆಮೇಲೆ ಮೊಬೈಲ್. ಹಳ್ಳಿಯ ಹುಡುಗಿಯರು ಹೊಲಿಗೆ ಯಂತ್ರದ ಮುಂದೆ ಕೂತು ಮನೆಗೆ ದುಡ್ಡು ಕಳಿಸತೊಡಗಿದರು. ಇದಕ್ಕೆ ಶಾಲೆಯೂ ಕಾರಣ ಅನ್ನೋದನ್ನ ಮರೀಬೇಡಿ. 1989ರ ಜನಗಣತಿ ಹೊತ್ತಿಗೇ ಅಲ್ಲಿ ಹತ್ತರಲ್ಲಿ ಎಂಟಕ್ಕಿಂತ ಹೆಚ್ಚು ಜನಕ್ಕೆ ಓದು ಬರಹ ಬರುತ್ತಿತ್ತು. ಅಷ್ಟು ಬಡ ದೇಶದಲ್ಲಿ ಇದು ಸಣ್ಣ ಮಾತಲ್ಲ.

[ಪರದೆ ಮೇಲೆ: ಉತ್ತರದ ಬೆಟ್ಟಗಳು, ಮೆಟ್ಟಿಲು ಗದ್ದೆಗಳು]

ಆದರೆ ಎಲ್ಲರಿಗೂ ಇದು ತಲುಪಲಿಲ್ಲ. ವಿಯೆಟ್ನಾಂ ಸರ್ಕಾರ ಗುರುತಿಸಿರೋದು 54 ಸಮುದಾಯ. ಅದರಲ್ಲಿ ಕಿಞ್ ಜನರೇ ಸುಮಾರು 85%. ಉಳಿದವರು, ಹೆಚ್ಚಾಗಿ ಹ್ಮಾಂಗ್ ಥರದ ಬೆಟ್ಟದ ಜನ, 15%ಕ್ಕಿಂತ ಕಮ್ಮಿ. ಈಗ ಉಳಿದಿರುವ ಬಡವರಲ್ಲಿ ಹೆಚ್ಚಿನವರು ಅವರೇ. ಬಯಲಿನ ನೀರಾವರಿ ಗದ್ದೆ ಅವರಿಗಿಲ್ಲ, ಇಳಿಜಾರಿನಲ್ಲಿ ಬೆಳೆಯಬೇಕು. ಪೇಟೆ ದೂರ, ಶಾಲೆಯಲ್ಲಿ ಪಾಠ ಮಾಡೋದು ಮನೆಯಲ್ಲಿ ಆಡದ ಭಾಷೆಯಲ್ಲಿ. ಮಧ್ಯದ ಎತ್ತರದ ಪ್ರದೇಶದಲ್ಲಿ ಕಾಫಿ ಬಂತು, ಅದರ ಹಿಂದೆ ಬಯಲಿನಿಂದ ಜನವೂ ಬಂದು ನೆಲೆಸಿದರು. ಕಾಡಿನ ದೊಡ್ಡ ಪಾಲು ಸರ್ಕಾರಿ ಅರಣ್ಯ ಸಂಸ್ಥೆಗಳ ಹೆಸರಿನಲ್ಲೇ ಉಳಿಯಿತು. ಬಯಲಿನ ರೈತನ ಕೈಗೆ ಗದ್ದೆ ಬಂದ ಹಾಗೆ, ತಲೆಮಾರುಗಳಿಂದ ಆ ಕಾಡಿನಲ್ಲೇ ಬೇಸಾಯ ಮಾಡಿಕೊಂಡು ಬಂದವರ ಕೈಗೆ ಆ ನೆಲ ಬರಲಿಲ್ಲ.