ಗುಮ್ಮಟದ ಬುಡಕ್ಕ ಬಂದಾಗ ಬಣ್ಣ ಯಾಕ ಸಾಲಂಗಿಲ್ಲ?

ಕಲಬುರಗಿಯಾಗ ಗುಮ್ಮಟಕ್ಕೇನು ಬರ ಇಲ್ಲ. ಕೋಟೆಯೊಳಗಿನ 1367ರ ಜಾಮಾ ಮಸೀದಿಗೆ ತೆರೆದ ಅಂಗಳನೇ ಇಲ್ಲ, ಪೂರಾ ಗುಮ್ಮಟದಿಂದನೇ ಮುಚ್ಯಾರ. ಆದ್ರ ನಿಮ್ಮೊಳಗ ಒಬ್ರು ಕೇಳಿದ್ದು ಹೊಸಾ ಗುಮ್ಮಟದ ಮಾತು. ಬುಡದ ಅಗಲ 20 ಅಡಿ, ಎತ್ತರ 10 ಅಡಿ. ಮ್ಯಾಲಿಂದ ಹಚ್ಚಿಕೋತ ಮೂರನೇ ಎರಡು ಭಾಗ ಇಳಿದಾಗ ಅರ್ಧ ಬಣ್ಣ ಹಂಗೇ ಉಳಿದಿತ್ತಂತ. ಹೆಚ್ಚಾಯ್ತಂತ ಡಬ್ಬಿ ವಾಪಸ್ ಕೊಟ್ರು. ಬುಡಕ್ಕ ಬಂದ್ರ ಬಣ್ಣ ಖಾಲಿ! ಪೇಂಟರ್ ಮ್ಯಾಲ ಸಂಶಯ ಬ್ಯಾಡ್ರಿ.

ಶಾಲೆ ಪಾಠ ಲಗೂನ ಮುಗಸ್ತೀನಿ. ವೃತ್ತದ ಕ್ಷೇತ್ರಫಲ πr², ಗೋಳದ ಮೇಲ್ಮೈ 4πr². ಗುಮ್ಮಟ ಅರ್ಧ ಗೋಳ, ಅಂದ್ರ 628 ಚದರ ಅಡಿ. ಬುಡದ ವೃತ್ತ ಬರೇ 314. ನೆಲ ಅಳೆದು ಬಣ್ಣ ತಂದವರಿಗೆ ಅರ್ಧಕ್ಕ ಕೈ ಕೊಡ್ತದ. ಅಗಲ ಗೊತ್ತಿಲ್ಲಂದ್ರ ಹೊರಗಿಂದ ಟೇಪ್ ಸುತ್ರಿ: 62 ಅಡಿ 10 ಇಂಚು ಬಂದ್ರ 3.1416ರಿಂದ ಭಾಗಿಸ್ರಿ, 20 ಅಡಿ. ಒಳಗಿಂದ ಅಳೆದ್ರ ಗೋಡೆ ದಪ್ಪ ಬಿಟ್ಟು ಹೋಗ್ತದ.

[ಪರದೆ ಮೇಲೆ: ಅಡ್ಡಕ್ಕೆ ಒಂದೊಂದು ಅಡಿಗೆ ಕೊಯ್ದ ಗುಮ್ಮಟ]

ಈಗ ನೋಡ್ರಿ, 10 ಪಟ್ಟಿ ಆದ್ವು. ಯಾವುದಕ್ಕ ಬಣ್ಣ ಜಾಸ್ತಿ? ಯಾವುದಕ್ಕೂ ಇಲ್ಲ! ಪ್ರತಿಯೊಂದಕ್ಕೂ 62.8 ಚದರ ಅಡಿ. ಬುಡದ ಪಟ್ಟಿ ಸುತ್ತಾ 62.8 ಅಡಿ ಅದ, ಆದ್ರ ನೆಟ್ಟಗ ನಿಂತದ, ಮೈ ಮ್ಯಾಲ ಅಳೆದ್ರ ಒಂದೇ ಅಡಿ. ತುದಿ ಟೊಪ್ಪಿಗಿಯ ಅಂಚು ಬರೇ 27 ಅಡಿ, ಆದ್ರ ಅದು ಮಲಗ್ಯದ: ತುದಿಯಿಂದ ಅಂಚಿನ ತನಕ ಟೇಪ್ ಎಳೆದ್ರ ನಾಲ್ಕೂವರೆ ಅಡಿ. ಸುತ್ತು ಕಿರಿದಾದಷ್ಟು ಇಳಿಜಾರು ಉದ್ದಾಗ್ತದ, ಎರಡೂ ಸರಿಸಮ ತೂಗ್ತಾವ. ಕ್ರಿಸ್ತಪೂರ್ವ 3ನೇ ಶತಮಾನದಾಗ ಆರ್ಕಿಮಿಡೀಸ್ ಇದರ ಬುನಾದಿ ಹಾಕ್ಯಾನ. ನನಗಂತೂ ಇದು ಇವತ್ತಿಗೂ ಮೋಸದಾಟ ಅನಿಸ್ತದ.

ಅದಕ್ಕ ಮ್ಯಾಲಿನ 5 ಅಡಿ ಎತ್ತರಕ್ಕ ಅರ್ಧ ಬಣ್ಣ, ಕೆಳಗಿನ 5 ಅಡಿಗೆ ಅರ್ಧ. ಬಾಗಿದ ಮೈ ಮ್ಯಾಲ ತುದಿಯಿಂದ ಬುಡಕ್ಕ ಒಟ್ಟು 15.7 ಅಡಿ. ಮ್ಯಾಲಿನರ್ಧ ಅದ್ರಾಗ 10.5 ಅಡಿ ನುಂಗ್ತದ, ಅಂದ್ರ ಮೂರನೇ ಎರಡು. ಉಳಿದ 5.2 ಅಡಿಗೆ ಇನ್ನರ್ಧ ಡಬ್ಬಿ ಬೇಕೇ ಬೇಕು. ಪೂರಾ ಗುಮ್ಮಟದ ಲೆಕ್ಕಕ್ಕ ಬುಡದ ಸುತ್ತಳತೆಗೆ ಎತ್ತರ ಗುಣಿಸ್ರಿ, ಆದ್ರ ಎತ್ತರ ತೂಗುಗುಂಡು ಇಳಿಬಿಟ್ಟು ನೆಟ್ಟಗ ಅಳೀರಿ. ಬಾಗಿದ 15.7 ಹಾಕಿದ್ರ 986 ಬರ್ತದ, ಬಣ್ಣದಂಗಡಿಯವ್ರಿಗೆ ಹಬ್ಬ.

ಟೈಮ್ ಆಯ್ತು, ಉಳಿದದ್ದು ಲಗೂ ಲಗೂ. ಗುಮ್ಮಟದ ಕೆಳಗ ಅಷ್ಟೇ ಅಗಲದ ದುಂಡು ಗೋಡೆ ಇದ್ರ ಅಡಿಗೆ ಅದೇ 62.8. ಚಪ್ಪಟೆ ಗುಮ್ಮಟ, ಬುಡದ ತ್ರಿಜ್ಯ 10, ಎತ್ತರ 5 ಇದ್ರ π(10² + 5²), 393 ಚದರ ಅಡಿ. ಬುಡದಾಗ ಒಳಸರಿದು ಮ್ಯಾಲ ಉಬ್ಬಿದ ಗುಮ್ಮಟಕ್ಕ ಬುಡದ ಸುತ್ತಳತೆ ನಡೆಯಂಗಿಲ್ಲ.

ಬಣ್ಣಕ್ಕ ಬೇಕಿಲ್ಲ, ಆದ್ರೂ ಹೇಳಿಬಿಡ್ತೀನಿ: ಪೂರ್ತಿ ಗೋಳದ ಘನಫಲ 4/3 πr³, ಇದೇ 10 ಅಡಿ ತ್ರಿಜ್ಯಕ್ಕ 4,189 ಘನ ಅಡಿ. ಮಳಖೇಡದ ಅಮೋಘವರ್ಷನ್ನ ಹೊಗಳಿ ಗಣಿತ ಬರೆದ ಮಹಾವೀರಾಚಾರ್ಯನ ಒರಟು ಸೂತ್ರಕ್ಕ 4,500, ಸೂಕ್ಷ್ಮ ಸೂತ್ರಕ್ಕ 4,050. ನಮ್ಮ ಕಡಿಯಾವ ಅಂತ ರಿಯಾಯ್ತಿ ಇಲ್ರಿ, 4,189 ಅಂತನೇ ಬರ್ಕೊಳ್ರಿ.