ಎಲ್ಲಿಗೆ ಹೊರಟಿರಿ?

ಎಲ್ಲರಿಗೂ ನಮಸ್ಕಾರ. ಊರಿಂದ ಮಕ್ಕಳ ಮನೆಗೆ ಬಂದಿರೋ ಅಪ್ಪ ಅಮ್ಮಂದಿರು ಇವತ್ತು ಮುಂದಿನ ಸಾಲು ತುಂಬಾ ಕೂತಿದ್ದೀರಿ. ಆಹ್ವಾನಪತ್ರದಲ್ಲಿ ಕಾರ್ಯದರ್ಶಿಗಳು ‘ಜರ್ಮನಿಯ ಹಿರಿಯರು ಮತ್ತು ಆರೋಗ್ಯ’ ಅಂತ ಹಾಕಿಬಿಟ್ಟಿದ್ದಾರೆ. ಆರೋಗ್ಯದ ಬಗ್ಗೆ ನಾನು ಒಂದು ಮಾತೂ ಆಡೋದಿಲ್ಲ. ನನ್ನ ತಕರಾರು ಶುರುವಾಗೋದೇ ಅಲ್ಲಿಂದ.

ನಮ್ಮಲ್ಲಿ ‘ವಾಕಿಂಗ್ ಹೋಗೋದು’ ಅಂತ ಒಂದಿದೆ, ‘ನಡೆದು ಹೋಗೋದು’ ಅಂತ ಇನ್ನೊಂದಿದೆ. ವಾಕಿಂಗ್ ಹೋದವರು ಪಾರ್ಕು ಸುತ್ತಿ, ಕೈ ಬೀಸಿ, ಹೊರಟ ಜಾಗಕ್ಕೇ ಬಂದು ನಿಲ್ತಾರೆ. ನಡೆದು ಹೋದವರ ಕೈಯಲ್ಲಿ ಒಂದು ಚೀಲ ಇರುತ್ತೆ. ಇಲ್ಲಿಯ ಮುದುಕರನ್ನ ನೋಡಿ, ಕೈಯಲ್ಲಿ ಚೀಲ, ಇಲ್ಲದಿದ್ದರೆ ಸೈಕಲ್ ಬುಟ್ಟಿಯಲ್ಲಿ ಚೀಲ.

ನಮ್ಮಪ್ಪನ ಕಥೆ ಹೇಳ್ತೀನಿ. ಕೆಲವರು ಕೇಳಿದ್ದೀರಿ, ಇನ್ನೊಂದು ಸಲ ಕೇಳಿ. 2009ರಲ್ಲಿ ಅಪ್ಪ ಜರ್ಮನಿಯ ಮ್ಯೂನ್‌ಸ್ಟರ್ ಊರಿಗೆ ಬಂದರು. ಬಂದ ಮರುದಿನವೇ ಬೆಳಗ್ಗೆ ಆರಕ್ಕೆ ಬಿಳಿ ಶೂ, ಮಂಕಿ ಕ್ಯಾಪು ಹಾಕಿಕೊಂಡು ಮೆಟ್ಟಿಲಿಳಿದರು. ಕೆಳಮನೆಯಲ್ಲಿ ಒಬ್ಬ ಅಜ್ಜಿ, ಎಂಬತ್ತರ ಹತ್ತಿರ. ಎದುರಾದವರೇ “ವೋಹಿನ್?” ಅಂದರು. ಎಲ್ಲಿಗೆ ಅಂತ. ಭಾಷೆ ಬಾರದಿದ್ದರೂ ಅಪ್ಪನಿಗೆ ಅರ್ಥವಾಗಿಹೋಯ್ತು. ಸೀದಾ ಮೇಲೆ ಬಂದು, “ಹೊರಟವನನ್ನ ಎಲ್ಲಿಗೆ ಅಂತ ಕೇಳಿಬಿಟ್ಟರಲ್ಲಮ್ಮಾ” ಅಂತ ನೀರು ಕುಡಿದು, ಐದು ನಿಮಿಷ ಕೂತು, ಮತ್ತೆ ಇಳಿದರು. ಅಜ್ಜಿ ಅಲ್ಲೇ ಸೈಕಲ್‌ಗೆ ಗಾಳಿ ಹೊಡೀತಿದ್ದರು. ಮತ್ತೆ “ವೋಹಿನ್?”

ಮೂರನೇ ಸಲ ನಾನೇ ಜೊತೆಗೆ ಇಳಿದು, ಎಲ್ಲಿಗೂ ಇಲ್ಲ, ಸುಮ್ಮನೆ ಒಂದು ಸುತ್ತು ಹಾಕಿ ಬರ್ತಾರೆ ಅಂದೆ. ಅಜ್ಜಿ ಸ್ವಲ್ಪ ಹೊತ್ತು ಅಪ್ಪನ ಖಾಲಿ ಕೈ ನೋಡಿದರು. ಒಳಗೆ ಹೋಗಿ ಒಂದು ಬಟ್ಟೆ ಚೀಲ, ಒಂದಿಷ್ಟು ಚಿಲ್ಲರೆ ತಂದು ಕೊಟ್ಟರು. ಹೇಗೂ ಹೋಗ್ತೀರಲ್ಲ, ನಾಲ್ಕು ಬ್ರ್ಯೋಟ್‌ಶೆನ್ ತನ್ನಿ! ಅಪ್ಪ ಅದಕ್ಕೆ ‘ಕಲ್ಲು ಬನ್ನು’ ಅಂತಿದ್ದರು. ಆ ಮೂರು ತಿಂಗಳು ಭಾನುವಾರವೂ ಬಿಡದೆ ಅದು ಅವರ ಡ್ಯೂಟಿ. ಭಾನುವಾರ ಇಲ್ಲಿ ಬೇರೆ ಅಂಗಡಿ ಮುಚ್ಚಿದರೂ ಬೇಕರಿ ಬೆಳಗ್ಗೆ ಒಂದಿಷ್ಟು ಹೊತ್ತು ತೆಗೆದಿರುತ್ತಲ್ಲ. ಬೇಕರಿಯಾಕೆ ಅಪ್ಪನ ಮಂಕಿ ಕ್ಯಾಪು ಕಂಡ ಕೂಡಲೇ ನಾಲ್ಕು ಎಣಿಸಿ ಕಟ್ಟಿಡ್ತಿದ್ದಳು. ವಾಕಿಂಗ್ ಹೋಗ್ತಿದ್ದ ಅಪ್ಪ ಹಾಗೆ ನಡೆದು ಹೋಗೋದಕ್ಕೆ ಶುರು ಮಾಡಿದರು.

ಆ ಅಜ್ಜಿಯ ಮೊಣಕಾಲು ಎರಡೂ ಸವೆದಿದ್ದವು. ಮನೆ ಒಳಗೆ ಓಡಾಡೋಕೆ ನಾಲ್ಕು ಚಕ್ರದ ರೋಲೇಟರ್. ಅದನ್ನ ತಳ್ಳಿಕೊಂಡು ಬಾಗಿಲವರೆಗೆ ಬಂದು, ಗೋಡೆಗೆ ಒರಗಿಸಿ, ಸೈಕಲ್ ಹತ್ತಿ ಹೊರಟುಬಿಡೋರು! ನಡೆಯೋಕೆ ಆಗದವರು ಸೈಕಲ್ ಹೇಗೆ ತುಳೀತಾರೆ ಅಂತ ಅಪ್ಪನಿಗೆ ಕೊನೆವರೆಗೂ ಬಗೆಹರಿಯಲಿಲ್ಲ. ನಡೆಯುವಾಗ ಮೈ ಭಾರವೆಲ್ಲ ಮೊಣಕಾಲಿನ ಮೇಲೆ, ಸೈಕಲ್‌ನಲ್ಲಿ ಸೀಟಿನ ಮೇಲೆ. ನಡುವೆ ಅಡ್ಡ ಪೈಪಿಲ್ಲದ ಸೈಕಲ್ಲು, ಕಾಲು ಎತ್ತಿ ದಾಟಿಸೋ ಕಷ್ಟವೂ ಇಲ್ಲ. ಮ್ಯೂನ್‌ಸ್ಟರ್‌ನವರು ಸೈಕಲ್‌ಗೆ ‘ಲೇಟ್ಸೆ’ ಅಂತಾರೆ, ಅವರ ಊರಿನದೇ ಮಾತು. ಅಜ್ಜಿಯ ಲೇಟ್ಸೆಯ ಬುಟ್ಟಿಯಲ್ಲಿ ಹಸಿರು ನೀರಿನ ಕ್ಯಾನು. ಎಲ್ಲಿಗೆ? ಸ್ಮಶಾನಕ್ಕೆ. ಗಂಡನ ಸಮಾಧಿ ಮೇಲಿನ ಹೂವಿಗೆ ನೀರು ಹಾಕೋದಕ್ಕೆ. ಅದೂ ಒಂದು ಕೆಲಸ ತಾನೇ, ದಿನಾ ಬರೋ ಕೆಲಸ.

ಇದೆಲ್ಲ ಜರ್ಮನ್ನರ ರಕ್ತದಲ್ಲೇ ಇದೆ ಅಂತ ಯಾರಾದರೂ ಅಂದರೆ ನಂಬಬೇಡಿ. ಇದು ಕಾರಿನ ದೇಶ. 2017ರ ರಾಷ್ಟ್ರೀಯ ಸಮೀಕ್ಷೆಯಲ್ಲೂ ನೂರು ಸಲ ಮನೆ ಬಿಟ್ಟರೆ 57 ಸಲ ಕಾರಲ್ಲೇ, ನಡೆದು 22, ಸೈಕಲ್‌ನಲ್ಲಿ 11. ಯುದ್ಧ ಮುಗಿದ ಮೇಲೆ ಇವರೂ ಊರುಗಳನ್ನ ಕಾರಿಗೆ ಅಂತಲೇ ಕಟ್ಟಿದವರು. ಆದರೂ ಕಾಸೆಲ್‌ನಲ್ಲಿ 1953ರಲ್ಲೇ ನಡೆಯುವವರಿಗೆ ಅಂತ ಒಂದು ಬೀದಿ ಮಾಡಿದರು. ಬುಕ್ಸ್‌ಟೆಹೂಡೆಯಲ್ಲಿ 1983ರಲ್ಲಿ ಮನೆ ಸಾಲುಗಳ ನಡುವೆ ವೇಗ ಗಂಟೆಗೆ 30 ಕಿಲೋಮೀಟರ್ ದಾಟಬಾರದು ಅಂತ ಮೊದಲ ಪ್ರಯೋಗ. ಇವತ್ತು ನಿಮ್ಮ ಮಗನ ಮನೆ ಬೀದಿಯಲ್ಲೂ ಆ 30ರ ಬೋರ್ಡು ಇರುತ್ತೆ, ನೋಡಿ. ಮ್ಯೂನ್‌ಸ್ಟರ್‌ನ ಪ್ರೊಮೆನಾಡೆ ಅನ್ನೋ ಹಾದಿ ಇನ್ನೂ ಹಳೇದು. ಕೋಟೆ ಗೋಡೆ ಕೆಡವಿದ ಜಾಗದಲ್ಲಿ ಊರಿನ ಸುತ್ತ ನಾಲ್ಕೂವರೆ ಕಿಲೋಮೀಟರು, ಎರಡೂ ಕಡೆ ಲಿಂಡೆನ್ ಮರ. ಗೋಡೆ ಬಿದ್ದ ಜಾಗಕ್ಕೆ ಕಾರು ಬಿಡಲಿಲ್ಲ ನೋಡಿ, ಅದು ಜಾಣತನ.

1973ರ ಮಾತು ಹೇಳಲೇಬೇಕು. ತೈಲದ ಬಿಕ್ಕಟ್ಟು, ನವೆಂಬರ್ 25ರಿಂದ ನಾಲ್ಕು ಭಾನುವಾರ ಕಾರು ಓಡಿಸೋ ಹಾಗಿಲ್ಲ ಅಂತ ಸರ್ಕಾರದ ಆಜ್ಞೆ. ಅಜ್ಜಿ ಆಗ ನಲವತ್ತರವರು, ಮಕ್ಕಳನ್ನ ಕಟ್ಟಿಕೊಂಡು ಆಟೋಬಾನ್ ಅನ್ನೋ ಕಾರಿನ ಹೆದ್ದಾರಿ ಮೇಲೆ ಸೈಕಲ್ ಹೊಡೆದಿದ್ದರಂತೆ. ಅದನ್ನ ಹೇಳುವಾಗ ಅವರ ಮುಖ ನೋಡಬೇಕಿತ್ತು, ನಮ್ಮಜ್ಜಿ ಜಾತ್ರೆಯ ಕಥೆ ಹೇಳಿದ ಹಾಗೆ.

ಚೀಟಿ ಬಂತು. ಐದು ನಿಮಿಷವಂತೆ. ಬಿಸಿಬೇಳೆ ಬಾತಿನ ವಾಸನೆ ನನಗೂ ಬರ್ತಿದೆ.

1817ರಲ್ಲಿ ಮ್ಯಾನ್‌ಹೈಮ್‌ನ ಕಾರ್ಲ್ ಡ್ರೈಸ್ ಪೆಡಲ್ ಇಲ್ಲದ, ಕಾಲಲ್ಲಿ ನೆಲ ಒದ್ದು ಓಡಿಸೋ ಗಾಡಿ, ಅಂದರೆ ಸೈಕಲ್‌ನ ಪೂರ್ವಜನನ್ನ, ಮಾಡಿದ್ದರ ಬಗ್ಗೆ ಎರಡು ಪುಟ ಬರ್ಕೊಂಡು ಬಂದಿದ್ದೆ, ಬಿಟ್ಟೆ. ಬ್ಯಾಟರಿ ಸೈಕಲ್ ಬಗ್ಗೆ ಮಾತ್ರ ಒಂದು ಎಚ್ಚರಿಕೆ. ತುಳಿದರೆ 25 ಕಿಲೋಮೀಟರ್ ವೇಗದವರೆಗೆ ಮೋಟಾರು ತಳ್ಳುತ್ತೆ. 2023ರಲ್ಲಿ ಇಲ್ಲಿ ಸಾದಾ ಸೈಕಲ್‌ಗಿಂತ ಇವೇ ಹೆಚ್ಚು ಮಾರಾಟವಾದವು. ಇದರಿಂದ ಮುದುಕರು ಹೆಚ್ಚು ಕಾಲ ಓಡಾಡ್ತಾರೆ, ನಿಜ. ಆದರೆ ಸೈಕಲ್ ಅಪಘಾತದಲ್ಲಿ ಸಾಯುವವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ 65 ದಾಟಿದವರು, ಅದೂ ನಿಜ. ಹೆಲ್ಮೆಟ್ ಕಡ್ಡಾಯವಲ್ಲ, ನೀವು ಹಾಕಿಕೊಳ್ಳಿ. ಕೆಂಪು ದೀಪ ದಾಟಿದರೆ ನಡೆಯುವವರಿಗೆ ದಂಡ 5 ಯೂರೋ, ಸೈಕಲ್‌ನವರಿಗೆ 60ರಿಂದ ಮೇಲೆ. ಮಕ್ಕಳು ನಿಂತಿದ್ದಾಗ ದಾಟಿದರೆ ಅಜ್ಜಿಯರ ಬೈಗುಳ ಬೇರೆ.

ಶನಿವಾರ ಹತ್ತು ಗಂಟೆಗೆ ನಮ್ಮ ಮನೆ ಮುಂದೆ ಮೂರು ಸೈಕಲ್ ಇರುತ್ತೆ, ಬರೋರು ಬನ್ನಿ, ಸಂತೆಗೆ ಹೋಗೋಣ. ಚೀಲ ತನ್ನಿ. ಹತ್ತೋ ಮುಂಚೆ ಒಂದು ಕೇಳಿಕೊಳ್ಳಿ. ಊರಲ್ಲಿ ಇಳಿಜಾರು ಸಿಕ್ಕರೆ ಪೆಡಲ್ ಹಿಂದಕ್ಕೆ ಟಕಟಕ ತಿರುಗಿಸ್ತೀವಲ್ಲ, ಇಲ್ಲಿ ಹಾಗೆ ಮಾಡಬೇಡಿ. ಹಿಂದಕ್ಕೆ ತುಳಿದರೆ ಬ್ರೇಕು. ನಾನು ಬಿದ್ದಿದ್ದು ಆ ಬೇಕರಿ ಮುಂದೇನೇ.